ಜಡಿಮಳೆಯ ರಾತ್ರಿಗೆ 25 ನಿಮಿಷದ ಕಥೆಗಳು: ‘ಟ್ವೈಲೈಟ್ ಝೋನ್’ ಬ್ಲೂ-ರೇ ಪೆಟ್ಟಿಗೆ, ಮಲೆನಾಡಿನ ಮನೆಯಲ್ಲಿ

ಕರೆಂಟ್ ಹೋದ ಕೂಡಲೇ ಮಲೆನಾಡಿನವರು ಜಗಲಿಗೆ ಬಂದು ಪಕ್ಕದ ಮನೆ ಕಡೆ ನೋಡುತ್ತಾರೆ. ಅಲ್ಲೂ ಕತ್ತಲಿದ್ದರೆ ಸಮಾಧಾನ, ಲೈನೇ ಹೋಗಿದೆ. ಅಲ್ಲಿ ದೀಪವಿದ್ದು ನಮ್ಮಲ್ಲಿ ಇಲ್ಲವೆಂದರೆ ಮನಸ್ಸಿಗೆ ಏನೋ ಕಸಿವಿಸಿ. 1960ರ ಮಾರ್ಚ್ 4ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ ‘ದಿ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್’ ಎಂಬ ಕಂತು ನಿಂತಿರುವುದು ಈ ಕಸಿವಿಸಿಯ ಮೇಲೇ. ಒಂದು ಬೀದಿಯಲ್ಲಿ ಕರೆಂಟು, ಫೋನು, ಕಾರು ಎಲ್ಲ ಒಟ್ಟಿಗೆ ನಿಂತುಹೋಗುತ್ತವೆ. ಸ್ವಲ್ಪ ಹೊತ್ತಿಗೆ ಒಬ್ಬನ ಕಾರು ಯಾರೂ ಮುಟ್ಟದೆ ತನ್ನಷ್ಟಕ್ಕೆ ಸ್ಟಾರ್ಟ್ ಆಗುತ್ತದೆ. ಅಷ್ಟು ಸಾಕು. ನಿನ್ನೆಯವರೆಗೆ ಸಕ್ಕರೆ-ಕಾಫಿಪುಡಿ ಸಾಲ ಕೊಟ್ಟುಕೊಂಡಿದ್ದಂಥ ನೆರೆಹೊರೆ 25 ನಿಮಿಷದೊಳಗೆ ಏನಾಗಿಹೋಗುತ್ತದೆ ಎಂಬುದನ್ನು ನೋಡಿಯೇ ತಿಳಿಯಬೇಕು. ಹೊಸನಗರ, ತೀರ್ಥಹಳ್ಳಿ ಕಡೆ ಎರಡು ದಿನ ಲೈನ್ ಇಲ್ಲದೆ ಕೂತವರಿಗೆ ಈ ಕಂತಿನ ಒಂದು ಹೊಡೆತವೂ ತಪ್ಪುವುದಿಲ್ಲ.

ಈ ಕಂತು ‘ದಿ ಟ್ವೈಲೈಟ್ ಝೋನ್’ ಸರಣಿಯದು. 1959ರ ಅಕ್ಟೋಬರ್ 2ರಿಂದ 1964ರ ಜೂನ್ 19ರವರೆಗೆ ಐದು ಸೀಸನ್, 156 ಕಂತು; ಪ್ರತಿ ಕಂತಿಗೂ ಬೇರೆ ಕಥೆ, ಬೇರೆ ನಟರು. ಪೂರ್ತಿ ಸರಣಿಯ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಡಿಸ್ಕ್) ಪೆಟ್ಟಿಗೆಯಲ್ಲಿ 24 ಡಿಸ್ಕ್. ಈ ವಿಮರ್ಶೆ ಆ ಪೆಟ್ಟಿಗೆಯನ್ನು ಕುರಿತದ್ದು: ಕಥೆಗಳು ಹೇಗಿವೆ, ಥಂಡಿ ಹಿಡಿದ ಮನೆಯಲ್ಲಿ ಡಿಸ್ಕ್ ಉಳಿಯುತ್ತದೆಯೇ, ಟಿವಿಯಲ್ಲಿ ಏನೇನು ತಿದ್ದಿಕೊಂಡರೆ ಚಿತ್ರ ಸರಿ ಕಾಣುತ್ತದೆ.

ಬಿಡಿ ಕಥೆಗಳ ಸರಣಿ ನಮಗೆ ಹೊಸದಲ್ಲ. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ನಿಂತು ಮಾಡಿದ ‘ಮಾಲ್ಗುಡಿ ಡೇಸ್’ ಅದೇ ಕ್ರಮದ್ದು. ಅರಸಾಳು ನಿಲ್ದಾಣದ ಹಳೆಯ ಕಟ್ಟಡ ಈಗ ಅದರ ಹೆಸರಿನ ಮ್ಯೂಸಿಯಂ. ಹಿಂದಿನ ವಾರ ನೋಡದವರೂ ಈ ವಾರ ಬಂದು ಕೂರಬಹುದು ಎಂಬುದೇ ಈ ಕ್ರಮದ ದೊಡ್ಡ ಉಪಕಾರ. ಸಸ್ಪೆನ್ಸ್‌ಗೆ ಅದರಿಂದ ಇನ್ನೂ ಒಂದು ಲಾಭವಿದೆ. ಧಾರಾವಾಹಿಯ ನಾಯಕ ನಾಳೆಯ ಕಂತಿಗೂ ಬೇಕು, ಹಾಗಾಗಿ ಅವನು ಸಾಯುವುದಿಲ್ಲ ಎಂದು ನೋಡುವವರಿಗೆ ಗೊತ್ತಿರುತ್ತದೆ. ಇಲ್ಲಿ ಯಾರಿಗೂ ಆ ರಕ್ಷೆ ಇಲ್ಲ. ಒಳ್ಳೆಯವನೋ ಕೆಟ್ಟವನೋ, ಯಾರಿಗೆ ಏನು ಬೇಕಾದರೂ ಆಗಬಹುದು. 60 ವರ್ಷ ದಾಟಿದರೂ ಈ ಕಥೆಗಳ ಬಿಗಿ ಸಡಿಲವಾಗದಿರುವುದಕ್ಕೆ ಮೊದಲ ಕಾರಣ ಇದು.

ಎರಡನೆಯದು ನಿರೂಪಕ. ಸರಣಿಯನ್ನು ಹುಟ್ಟುಹಾಕಿದ ರಾಡ್ ಸರ್ಲಿಂಗ್ 156ರಲ್ಲಿ 92 ಕಂತುಗಳನ್ನು ತಾವೇ ಬರೆದರು. ಉಳಿದವುಗಳಲ್ಲಿ ಹೆಚ್ಚಿನವು ಚಾರ್ಲ್ಸ್ ಬೋಮಾಂಟ್ ಮತ್ತು ರಿಚರ್ಡ್ ಮ್ಯಾಥೆಸನ್ ಅವರವು. ಮೊದಲ ಸೀಸನ್‌ನಲ್ಲಿ ಕಥೆಯ ಮೊದಲಲ್ಲಿ ಸರ್ಲಿಂಗ್ ಅವರ ಧ್ವನಿ ಮಾತ್ರ. ಎರಡನೆಯದರಿಂದ ಸ್ವತಃ ಚೌಕಟ್ಟಿನೊಳಗೆ ಬಂದು ನಿಲ್ಲುತ್ತಾರೆ. ಯಕ್ಷಗಾನ ನೋಡಿ ಬೆಳೆದವರಿಗೆ ಅವರ ಕೆಲಸ ಬೇಗ ಅರ್ಥವಾಗುತ್ತದೆ, ಅದು ಭಾಗವತರ ಕೆಲಸ. ಪ್ರಸಂಗದೊಳಗೆ ಇರುವುದಿಲ್ಲ, ಹೊರಗೂ ಇರುವುದಿಲ್ಲ. ನಾಲ್ಕು ಮಾತಿನಲ್ಲಿ ಸ್ಥಳ, ಪಾತ್ರ, ಒಂದು ಸಂಶಯ ಇಟ್ಟು ಸರಿದುಬಿಡುತ್ತಾರೆ. ಕೊನೆಗೆ ಮಂಗಳ ಹಾಡುವ ಹಾಗೆ ಒಂದೆರಡು ಸಾಲು. ಆ ನಾಲ್ಕು ಮಾತಿನಿಂದ ಕಥೆಗೆ ಐದು ನಿಮಿಷ ಉಳಿಯುತ್ತದೆ. ಪೀಠಿಕೆ ಹಾಕುತ್ತ ಕೂರುವ ಇಂದಿನ ಎಷ್ಟೋ ವೆಬ್ ಸರಣಿಗಳು ಕಲಿಯಬೇಕಾದ ಪಾಠ ಇದು.

ಸರ್ಲಿಂಗ್ ಈ ದಾರಿ ಹಿಡಿದದ್ದಕ್ಕೆ ಹಿನ್ನೆಲೆಯಿದೆ. ಎಮೆಟ್ ಟಿಲ್ ಎಂಬ ಕಪ್ಪು ಹುಡುಗನ ಕೊಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಟಿವಿ ನಾಟಕವನ್ನು 1956ರಲ್ಲಿ ಪ್ರಾಯೋಜಕರ ಕಡೆಯವರು ಗುರುತೇ ಸಿಗದ ಹಾಗೆ ಕತ್ತರಿಸಿದ್ದರು. ಜನಾಂಗ ದ್ವೇಷ, ಯುದ್ಧ, ಗುಂಪಿನ ಹುಚ್ಚು, ಇವನ್ನು ನೇರವಾಗಿ ಹೇಳಲು ಬಿಡದವರು ಬೇರೆ ಗ್ರಹದ ಕಥೆಯೆಂದರೆ ಸುಮ್ಮನಿರುತ್ತಾರೆ ಎಂಬುದು ಸರ್ಲಿಂಗ್‌ಗೆ ಹೊಳೆಯಿತು. ಮೇಪಲ್ ಬೀದಿಯ ಕತ್ತಲಿನ ಬೇರು ಅಲ್ಲಿದೆ. ಭಯ ಹುಟ್ಟಿಸುವುದಷ್ಟೇ ಉದ್ದೇಶವಾಗಿದ್ದ ಕಥೆಗಳು ಹಳತಾದವು, ಇವು ಆಗಲಿಲ್ಲ.

ಕೈಕುಸುರಿಯನ್ನು ಹತ್ತಿರದಿಂದ ನೋಡಲು ‘ಐ ಆಫ್ ದಿ ಬಿಹೋಲ್ಡರ್’ ಸಾಕು. 1960ರ ನವೆಂಬರ್ 11ರ ಕಂತು, ನಿರ್ದೇಶನ ಡಗ್ಲಸ್ ಹೇಯ್ಸ್, ಛಾಯಾಗ್ರಹಣ ಜಾರ್ಜ್ ಕ್ಲೆಮೆನ್ಸ್, ಸಂಗೀತ ಬರ್ನಾರ್ಡ್ ಹರ್ಮನ್. ಆಸ್ಪತ್ರೆಯ ಕೋಣೆ, ಮುಖವಿಡೀ ಬ್ಯಾಂಡೇಜ್ ಸುತ್ತಿದ ಹೆಂಗಸು. ವೈದ್ಯರು, ದಾದಿಯರು ಬರುತ್ತಾರೆ, ಮಾತಾಡುತ್ತಾರೆ, ಸಿಗರೇಟು ಹಚ್ಚುತ್ತಾರೆ. ಇಷ್ಟೂ ಹೊತ್ತು ಅವರ ಮುಖ ಒಮ್ಮೆಯೂ ಕಾಣುವುದಿಲ್ಲ. ಒಬ್ಬರು ದೀಪಕ್ಕೆ ಬೆನ್ನು ಮಾಡಿರುತ್ತಾರೆ, ಇನ್ನೊಬ್ಬರ ಮುಖಕ್ಕೆ ಸರಿಯಾಗಿ ಮತ್ತೊಬ್ಬರ ಭುಜ ಅಡ್ಡ ಬರುತ್ತದೆ, ಕ್ಯಾಮೆರಾ ಕೈಗಳನ್ನಷ್ಟೇ ಹಿಂಬಾಲಿಸುತ್ತದೆ. ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನವೇ ಬಾರದಷ್ಟು ಸಹಜ ನಡೆ. ಎರಡನೆಯ ಸಲ ನೋಡುವಾಗ ಪ್ರತಿ ಹೆಜ್ಜೆಯನ್ನೂ ಎಣಿಸಿಟ್ಟದ್ದು ಗೊತ್ತಾಗುತ್ತದೆ. ಬ್ಯಾಂಡೇಜ್ ಬಿಚ್ಚುವಾಗ ಏನಾಗುತ್ತದೆ ಎಂಬುದನ್ನು ಇಲ್ಲಿ ಬರೆಯುವುದು ತಪ್ಪು.

ಈ ಕಂತೇ ಟಿವಿಯ ಪರೀಕ್ಷೆಗೂ ಒದಗುತ್ತದೆ. ಅಂಗಡಿಯಿಂದ ಬಂದ ಟಿವಿ ಹೆಚ್ಚಾಗಿ ‘ವಿವಿಡ್’ ಅಥವಾ ‘ಸ್ಟ್ಯಾಂಡರ್ಡ್’ ಮೋಡ್‌ನಲ್ಲಿರುತ್ತದೆ. ಕತ್ತಲೆ ದೃಶ್ಯ ಸರಿಯಾಗಿ ಕಾಣುತ್ತಿಲ್ಲವೆಂದು ಬ್ರೈಟ್‌ನೆಸ್ ಏರಿಸಿದರೆ ಕಪ್ಪು ಹೋಗಿ ಒಲೆಬೂದಿಯ ಬಣ್ಣ ಬರುತ್ತದೆ. ನೆರಳೇ ಉಸಿರಾಗಿರುವ ಕಥೆ ಅಲ್ಲಿಗೆ ಮುಗಿಯಿತು. ಸರಿಯಾದ ಕ್ರಮ ಹೀಗೆ: ಪಿಕ್ಚರ್ ಮೋಡ್ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ಹಾಕಿ, ಕಲರ್ ಟೆಂಪರೇಚರ್ ‘ವಾರ್ಮ್’ಗೆ ತನ್ನಿ. ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣದ ಸೆಟ್ಟಿಂಗ್ ಏಕೆ ಎನ್ನಬೇಡಿ, ‘ಕೂಲ್’ನಲ್ಲಿ ಬಿಳಿಯೆಲ್ಲ ನೀಲಿಗೆ ತಿರುಗಿ ಮುಖಗಳು ಟ್ಯೂಬ್‌ಲೈಟ್ ಕೆಳಗೆ ಇಟ್ಟಂತೆ ಕಾಣುತ್ತವೆ. ಶಾರ್ಪ್‌ನೆಸ್ ತಳಕ್ಕೆ ಇಳಿಸಿ, ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಚಿತ್ರದ ಮೇಲೆ ಸಣ್ಣ ರವೆಯಂತೆ ಓಡಾಡುವುದು ಫಿಲ್ಮಿನ ಗ್ರೇನ್. ಅದನ್ನು ಒರೆಸಿದರೆ ಚರ್ಮ ಮೇಣವಾಗುತ್ತದೆ. ಕಡೆಗೆ, ಚಲನೆಯನ್ನು ನುಣುಪು ಮಾಡುವ ಸೌಲಭ್ಯ. ಸೋನಿಯಲ್ಲಿ ಅದು ‘ಮೋಷನ್‌ಫ್ಲೋ’, ಎಲ್‌ಜಿಯಲ್ಲಿ ‘ಟ್ರೂಮೋಷನ್’. ಸೆಕೆಂಡಿಗೆ 24 ಚಿತ್ರದ ಫಿಲ್ಮನ್ನು ಅದು ಮದುವೆ ವಿಡಿಯೋದ ಹಾಗೆ ಮಾಡಿಬಿಡುತ್ತದೆ. ಆಫ್ ಮಾಡದೆ ಮೊದಲ ಕಂತನ್ನೂ ನೋಡಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಎರಡನೆಯ ಸೀಸನ್‌ನ ಆರು ಕಂತು ಮದುವೆ ವಿಡಿಯೋದ ಹಾಗೆಯೇ ಕಾಣುತ್ತವೆ. ಟಿವಿ ಕೆಟ್ಟಿಲ್ಲ, ಡಿಸ್ಕ್ ನಕಲಿಯೂ ಅಲ್ಲ. ‘ದಿ ನೈಟ್ ಆಫ್ ದಿ ಮೀಕ್’, ‘ಟ್ವೆಂಟಿ ಟೂ’, ‘ಸ್ಟ್ಯಾಟಿಕ್’, ‘ಲಾಂಗ್ ಡಿಸ್ಟನ್ಸ್ ಕಾಲ್’, ‘ದಿ ಹೋಲ್ ಟ್ರೂತ್’, ‘ದಿ ಲೇಟ್‌ನೆಸ್ ಆಫ್ ದಿ ಅವರ್’, ಇವಿಷ್ಟನ್ನೂ ಖರ್ಚು ಉಳಿಸಲೆಂದು ವಿಡಿಯೋಟೇಪಿನಲ್ಲಿ ಚಿತ್ರಿಸಿದ್ದರು. ಆ ಕಾಲದ ಟೇಪಿನಲ್ಲಿ ಇಲ್ಲದ ಸೂಕ್ಷ್ಮವನ್ನು ಬ್ಲೂ-ರೇ ತಂದುಕೊಡಲಾರದು. ಇದನ್ನು ದೋಷವೆಂದು ತಿಳಿದು ಪೆಟ್ಟಿಗೆ ವಾಪಸು ಕಳಿಸಬೇಡಿ. ಉಳಿದ ಕಂತುಗಳಲ್ಲಿ ಬಟ್ಟೆಯ ನೇಯ್ಗೆ, ಹಣೆಯ ಬೆವರು, ಗೋಡೆಯ ಗಾರೆ ಎಣಿಸುವಷ್ಟು ಸ್ಪಷ್ಟ.

ಪರದೆಯ ಎಡಬಲಕ್ಕೆ ಕಪ್ಪು ಪಟ್ಟಿ ಬರುತ್ತದೆ, ಬರಲೇಬೇಕು. ಚಿತ್ರ ಇರುವುದೇ 4:3 ಅಳತೆಯಲ್ಲಿ. ‘ಫುಲ್’ ಒತ್ತಿ ಎಳೆದರೆ ಎಲ್ಲರೂ ದಪ್ಪಗಾಗುತ್ತಾರೆ, ‘ಝೂಮ್’ ಒತ್ತಿದರೆ ತಲೆ, ಗಲ್ಲ ಕತ್ತರಿಸಿಹೋಗುತ್ತವೆ. ಲೆಕ್ಕ ಹಾಕಿದರೆ 32 ಇಂಚಿನ ಟಿವಿಯಲ್ಲಿ ಸಿಗುವುದು ಸುಮಾರು 26 ಇಂಚಿನ ಚಿತ್ರ, 43 ಇಂಚಿನದರಲ್ಲಿ 35. ನಾಲ್ಕೈದು ಜನ ಕೂರುವ ಜಗಲಿಗೆ 43 ಇದ್ದರೆ ಒಳ್ಳೆಯದು.

ಶಬ್ದದ ಮಾತು ಬೇರೆಯೇ ಇದೆ. ಮೂಲ ಧ್ವನಿ ಮೋನೊ, ಅಂದರೆ ಎಡ-ಬಲ ಎಂದು ಬೇರೆ ಮಾಡದ ಒಂದೇ ಧ್ವನಿ; ಮಾತು ಮಧ್ಯಮ ಏರಿನಲ್ಲಿ, ಪಿಸುಮಾತು ಹೆಚ್ಚು. ಹೆಂಚಿನ ಮಾಡಿನ ಮೇಲೆ ಆರಿದ್ರೆ, ಪುನರ್ವಸು ಮಳೆ ಸುರಿಯುವಾಗ ಟಿವಿಯ ಬೆನ್ನಿಗಿರುವ ಸಣ್ಣ ಸ್ಪೀಕರ್ ಏನೂ ಮಾಡಲಾರದು; ತಗಡಿನ ಮಾಡಾದರೆ ಕೇಳುವುದೇ ಬೇಡ. ವಾಲ್ಯೂಮ್ ಏರಿಸಿದರೆ ಮಾತು ಕೇಳುವಷ್ಟರಲ್ಲಿ ಸಂಗೀತ ಕಿವಿ ಹರಿಯುತ್ತದೆ. ಟಿವಿಯಲ್ಲಿ ‘ಡೈಲಾಗ್’ ಅಥವಾ ‘ವಾಯ್ಸ್’ ಮೋಡ್ ಇದ್ದರೆ ಅದನ್ನು ಹಾಕಿ, ‘ಸರೌಂಡ್’ ತೆಗೆಯಿರಿ. ಮೋನೊವನ್ನು ಕೋಣೆಯೆಲ್ಲ ಹರಡಿದರೆ ಮಾತು ಇನ್ನಷ್ಟು ಮಸುಕಾಗುತ್ತದೆ. ಒಂದೇ ಒಳ್ಳೆಯ ಸ್ಪೀಕರ್ ಅನ್ನು ಟಿವಿಯ ಕೆಳಗೆ, ಕೂತವರ ಕಿವಿಯ ಎತ್ತರಕ್ಕೆ ಇಟ್ಟರೆ ಎರಡು ಸ್ಪೀಕರ್‌ಗಿಂತ ಚೆನ್ನಾಗಿ ಕೇಳುತ್ತದೆ. ಇಂಗ್ಲಿಷ್ ಉಚ್ಚಾರ ಕಿವಿಗೆ ಹತ್ತದವರು ಕೊಳ್ಳುವ ಮೊದಲು ಡಬ್ಬದ ಬೆನ್ನ ಮೇಲೆ ‘ಎಸ್‌ಡಿಎಚ್’ ಎಂದಿದೆಯೇ ನೋಡಬೇಕು. ಹಾಗೆಂದರೆ ಸಬ್‌ಟೈಟಲ್ ಇದೆ ಎಂದು ಅರ್ಥ.

ಇಂಗ್ಲಿಷ್ ಬಾರದ ಅಜ್ಜಿ-ಅಜ್ಜಂದಿರ ಜೊತೆ ನೋಡಲು ಒಂದು ಕಂತು ಹೇಳಿ ಮಾಡಿಸಿದ ಹಾಗಿದೆ: ‘ದಿ ಇನ್ವೇಡರ್ಸ್’, 1961ರ ಜನವರಿ 27. ಕರೆಂಟಿಲ್ಲದ ಒಂಟಿಮನೆ, ಒಬ್ಬಳೇ ಹೆಂಗಸು, ಮಾಡಿನ ಮೇಲೆ ಏನೋ ಬಿದ್ದ ಸದ್ದು. ಆಗ್ನೆಸ್ ಮೂರ್‌ಹೆಡ್ ಇಡೀ ಕಂತಿನಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ನರಳುತ್ತಾರೆ, ಉಸಿರುಗಟ್ಟುತ್ತಾರೆ, ಮಚ್ಚು ಕೊಡಲಿ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಜೆರ್ರಿ ಗೋಲ್ಡ್‌ಸ್ಮಿತ್ ಸಂಗೀತ ಅವರ ಬೆನ್ನ ಹಿಂದೆಯೇ ತೆವಳುತ್ತದೆ. ಸುತ್ತ ಮೈಲಿಗಟ್ಟಲೆ ಕಾಡು, ತೋಟ ಇರುವ ಮನೆಗಳಲ್ಲಿ ಈ ಕಥೆಗೆ ಅನುವಾದವೇ ಬೇಡ. ಕೊನೆಯಲ್ಲಿ ಬರುವ ಕೆಲವೇ ಇಂಗ್ಲಿಷ್ ಮಾತನ್ನು ಮಾತ್ರ ಪಕ್ಕದಲ್ಲಿ ಕೂತವರು ಆ ಕ್ಷಣದಲ್ಲೇ ಕನ್ನಡದಲ್ಲಿ ಹೇಳಿಬಿಡಬೇಕು, ಕಥೆ ತಿರುಗುವುದು ಅಲ್ಲೇ. ಮೂರನೆಯ ಸೀಸನ್‌ನ ‘ಟೂ’ ಕೂಡ ಹೀಗೆಯೇ ಮಾತು ಕಡಿಮೆಯ ಕಥೆ. ಮಕ್ಕಳಿದ್ದ ಮನೆಯಲ್ಲಿ ‘ಲಿವಿಂಗ್ ಡಾಲ್’ ಮತ್ತು ‘ಇಟ್ಸ್ ಎ ಗುಡ್ ಲೈಫ್’ ಎರಡನ್ನು ಸದ್ಯ ಬದಿಗಿಡಿ. ರಕ್ತ ಒಂದು ಹನಿಯೂ ಇಲ್ಲ, ಆದರೆ ಮಲಗುವ ಕೋಣೆಯಲ್ಲಿ ಗೊಂಬೆ ಇರುವ ಮಕ್ಕಳು ನಿದ್ದೆ ಮಾಡುವುದಿಲ್ಲ.

ಪೆಟ್ಟಿಗೆಯನ್ನು ಮೊದಲಿಂದ ಕೊನೆಗೆ ಸಾಲಾಗಿ ನೋಡುವ ಹಟ ಬೇಡ. 156ರಲ್ಲಿ ಮೂವತ್ತು ಅತ್ಯುತ್ತಮ, ಸುಮಾರು ಎಂಬತ್ತು ಚೆನ್ನಾಗಿವೆ, ಉಳಿದವು ಸಾಧಾರಣ, ಕೆಲವು ಸಪ್ಪೆ. ಹಾಸ್ಯಕ್ಕೆ ಹೋದಲ್ಲೆಲ್ಲ ಸರ್ಲಿಂಗ್ ಎಡವುತ್ತಾರೆ. ನಾಲ್ಕನೆಯ ಸೀಸನ್‌ನ 18 ಕಂತು ಒಂದೊಂದು ಗಂಟೆಯದು, ಅಲ್ಲಿಂದ ಆರಂಭಿಸಿದವರು ಪೆಟ್ಟಿಗೆಯನ್ನೇ ಮುಚ್ಚಿಟ್ಟಾರು. ಕಾರಣ ಸರಳ. ಈ ಕಥೆಗಳ ಒಡಲು ಒಂದೇ ಕಲ್ಪನೆ. ಅರ್ಧ ಗಂಟೆಗೆ ಅದು ತುಂಬುತ್ತದೆ, ಒಂದು ಗಂಟೆಗೆ ನೀರು ಬೆರೆಸಬೇಕಾಗುತ್ತದೆ. ಆ ಸೀಸನ್‌ನಲ್ಲಿ ‘ಮಿನಿಯೇಚರ್’ ಮತ್ತು ‘ಆನ್ ಥರ್ಸ್‌ಡೇ ವಿ ಲೀವ್ ಫಾರ್ ಹೋಮ್’ ಎರಡನ್ನು ಬಿಡಬಾರದು, ಅವಕ್ಕೆ ಗಂಟೆಯೂ ಸಾಲದು. ಹೊಸಬರು ‘ಟೈಮ್ ಎನಫ್ ಅಟ್ ಲಾಸ್ಟ್’ನಿಂದ ಶುರು ಮಾಡಿ ಮೇಪಲ್ ಬೀದಿ, ಬ್ಯಾಂಡೇಜಿನ ಹೆಂಗಸು, ಒಂಟಿಮನೆಗೆ ಬಂದು, ಆಮೇಲೆ ‘ಟು ಸರ್ವ್ ಮ್ಯಾನ್’, ವಿಮಾನದ ಕಿಟಕಿಯ ‘ನೈಟ್‌ಮೇರ್ ಅಟ್ 20,000 ಫೀಟ್’ ನೋಡಲಿ. ದಿನಕ್ಕೆ ಎರಡು ಕಂತು ಸಾಕು. ನಾಲ್ಕು ಒಟ್ಟಿಗೆ ನೋಡಿದರೆ ಐದನೆಯದರ ತಿರುವು ಮೊದಲೇ ಊಹೆಗೆ ಸಿಗುತ್ತದೆ.

ಇದೇ ಕಾಲದ ಇನ್ನೊಂದು ದೊಡ್ಡ ಸರಣಿ ‘ಆಲ್‌ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್’. 1955ರಿಂದ 1962ರವರೆಗೆ ಅರ್ಧ ಗಂಟೆಯ 268 ಕಂತು; ಹಿಚ್‌ಕಾಕ್ ಸ್ವತಃ ನಿರ್ದೇಶಿಸಿದ್ದು ಅದರಲ್ಲಿ 17. ಅಲ್ಲಿ ಭೂತವಿಲ್ಲ, ಗ್ರಹವಿಲ್ಲ. ಗಂಡ, ಹೆಂಡತಿ, ವಿಮೆ, ಆಸ್ತಿ, ಅಡುಗೆಮನೆ. ಶುದ್ಧ ಸಸ್ಪೆನ್ಸ್ ಬೇಕಾದವರಿಗೆ ಅದು ಒಂದು ಕೈ ಮೇಲು. 1958ರ ‘ಲ್ಯಾಂಬ್ ಟು ದಿ ಸ್ಲಾಟರ್’ ಒಂದನ್ನು ನೋಡಿದರೂ ತಿಳಿಯುತ್ತದೆ. ಮಾತು ಹೆಚ್ಚಾದ್ದರಿಂದ ಅಡಿಕೆ ಸುಲಿಯುವ ದಿನಗಳಲ್ಲಿ, ಮೆಟ್ಟುಗತ್ತಿ ಮುಂದೆ ಕೂತು ಕಿವಿಯಲ್ಲೇ ಅರ್ಧ ಕಥೆ ಹಿಡಿಯಬಹುದು. ಟ್ವೈಲೈಟ್ ಝೋನ್‌ಗೆ ಕಣ್ಣು ಕೀಳುವ ಹಾಗಿಲ್ಲ, ಕತ್ತಿಯ ಮುಂದೆ ಅದು ಬೇಡ. ಹಾಗಿದ್ದೂ ಮಲೆನಾಡಿಗೆ ಹಿಚ್‌ಕಾಕ್ ಡಿಸ್ಕ್ ಹೇಳಲು ಮನಸ್ಸು ಹಿಂಜರಿಯುತ್ತದೆ. ಅಮೆರಿಕದಲ್ಲಿ 2005ರಲ್ಲಿ ಬಂದ ಮೊದಲ ಸೀಸನ್‌ನ ಡಿವಿಡಿಯಲ್ಲಿ 39 ಕಂತುಗಳನ್ನು ಎರಡೂ ಮುಖದ ಮೂರೇ ಡಿಸ್ಕ್‌ಗೆ ತುಂಬಿದ್ದಾರೆ. ಲೇಬಲ್ ಮುಖವೇ ಇಲ್ಲ, ಎರಡೂ ಬದಿ ಬೆರಳಚ್ಚಿಗೂ ಬೂಷ್ಟಿಗೂ ತೆರೆದಿರುತ್ತವೆ. ಪದರಗಳನ್ನು ಅಂಟಿಸಿ ಮಾಡುವ ಇಂಥ ಡಿಸ್ಕ್ ಮಧ್ಯದಲ್ಲಿ ತಡವರಿಸಿ ನಿಲ್ಲುವುದು ಹೆಚ್ಚು.

ಇಂಟರ್ನೆಟ್‌ನಲ್ಲಿ ನೋಡಿದರೆ ಸಾಲದೇ? ಶಿವಮೊಗ್ಗ ಪೇಟೆಯಲ್ಲಿ ಫೈಬರ್ ಇರುವವರಿಗೆ ಸಾಕಾಗಬಹುದು. ಸಂಪೇಕಟ್ಟೆ, ಆಗುಂಬೆ ಕಡೆ ಮಳೆಗಾಲದ ಸಿಗ್ನಲ್ಲಿಗೆ ಕಪ್ಪು-ಬಿಳುಪಿನ ಕತ್ತಲು ನಿಲ್ಲುವುದಿಲ್ಲ. ಸ್ಟ್ರೀಮಿಂಗ್‌ನಲ್ಲಿ ವೇಗ ಕುಸಿದಾಗ ಮೊದಲು ಬಲಿಯಾಗುವುದು ನೆರಳು. ಮಂಜು, ಹೊಗೆ, ಕತ್ತಲ ಗೋಡೆ ಎಲ್ಲ ಚೌಕ ಚೌಕ ತುಂಡಾಗುತ್ತವೆ. ಬ್ಲೂ-ರೇಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಜಾಗವಿದೆ. ಪೆಟ್ಟಿಗೆಯಲ್ಲಿ ಹಲವು ಕಂತುಗಳಿಗೆ ಸಂಗೀತವನ್ನಷ್ಟೇ ಬಿಡಿಯಾಗಿ ಕೇಳುವ ಟ್ರ್ಯಾಕ್, ನಟರ, ಅಭ್ಯಾಸಿಗಳ ವ್ಯಾಖ್ಯಾನ, ರೇಡಿಯೋ ರೂಪಾಂತರ ಕೂಡ ಇವೆ. ಬರೀ ಕಂತುಗಳಷ್ಟೇ ಇರುವ ಅಗ್ಗದ ಡಿವಿಡಿ ಆವೃತ್ತಿಯೂ ಮಾರಾಟಕ್ಕಿದೆ, ಹೆಸರು ಒಂದೇ, ಮೋಸ ಹೋಗಬೇಡಿ.

ಕೊಳ್ಳುವಾಗ ಮೊದಲು ರೀಜನ್ ನೋಡಬೇಕು, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಎಂಬ ಗುರುತು. ಬ್ಲೂ-ರೇಯಲ್ಲಿ ಭಾರತ ‘ಸಿ’, ಅಮೆರಿಕ ‘ಎ’. ಡಿವಿಡಿಯಲ್ಲಿ ಭಾರತ 5, ಅಮೆರಿಕ 1. ಬೀಗ ಹಾಕಿದ ‘ಎ’ ಡಿಸ್ಕ್ ಇಲ್ಲಿಯ ಸಾಮಾನ್ಯ ಪ್ಲೇಯರ್‌ನಲ್ಲಿ ಓಡುವುದಿಲ್ಲ, ಪ್ಲೇಯರ್ ಎಲ್ಲ ರೀಜನ್ ಒಪ್ಪುತ್ತದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಪಾರ್ಸೆಲ್ ಬಂದ ದಿನವೇ 24 ಡಿಸ್ಕನ್ನೂ ತೆಗೆದು ಬೆಳಕಿಗೆ ಹಿಡಿಯಿರಿ. ದೂರದಿಂದ ಬರುವಾಗ ನಡುವಿನ ಹಲ್ಲು ಮುರಿದು ಡಿಸ್ಕ್ ಡಬ್ಬದೊಳಗೆ ಅಲುಗಾಡಿ ಗೀರು ಬಿದ್ದಿರುತ್ತದೆ. ಪ್ರತಿ ಡಿಸ್ಕ್‌ನ ಕೊನೆಯ ಕಂತನ್ನು ಎರಡು ನಿಮಿಷ ಓಡಿಸಿ: ಡಿಸ್ಕ್ ಒಳಗಿನಿಂದ ಹೊರಕ್ಕೆ ಓದುತ್ತದೆ, ತೊಂದರೆ ಹೆಚ್ಚಾಗಿ ಅಂಚಿನಲ್ಲೇ. ಒಂದು ಸಂಜೆಯ ಕೆಲಸ. ವಾಪಸಿನ ಗಡುವು ಮುಗಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಕರೆಂಟಿನ ಲೆಕ್ಕ ಇಷ್ಟು. 32 ಇಂಚಿನ ಎಲ್‌ಇಡಿ ಟಿವಿ ಸುಮಾರು 50 ವಾಟ್, ಪ್ಲೇಯರ್ 15, ಒಂದು ಬಲ್ಬು 9, ಫ್ಯಾನ್ 70, ಒಟ್ಟು 144. 12 ವೋಲ್ಟ್, 150 ಎಎಚ್ ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿ, ಇನ್ವರ್ಟರ್ ನಷ್ಟ ಕಳೆದರೆ ಸುಮಾರು 5 ಗಂಟೆ ಸಿಗುತ್ತದೆ. ಮಳೆಗಾಲದ ಥಂಡಿಗೆ ಫ್ಯಾನ್ ಬೇಡವೆಂದರೆ ಹತ್ತು ಗಂಟೆಯ ಹತ್ತಿರ. ಇನ್ವರ್ಟರ್ ಬದಲಾಗುವ ಕ್ಷಣದಲ್ಲಿ ಪ್ಲೇಯರ್ ರೀಸ್ಟಾರ್ಟ್ ಆದರೆ ಬ್ಲೂ-ರೇ ಸಾಮಾನ್ಯವಾಗಿ ನಿಂತ ಜಾಗ ಮರೆತು ಮೆನುವಿಗೇ ಹೋಗುತ್ತದೆ. ಇನ್ವರ್ಟರ್‌ನಲ್ಲಿ ‘ಯುಪಿಎಸ್’ ಮೋಡ್ ಹಾಕಿದರೆ ಬದಲಾವಣೆ ಬೇಗ ಆಗಿ ಈ ಕಾಟ ತಪ್ಪುತ್ತದೆ. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು, ಡಿಶ್ಶಿನ ಕೇಬಲನ್ನೂ.

ಇನ್ನು ಬೂಷ್ಟು. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಆಳದಲ್ಲಿದೆ, ಡಿವಿಡಿಯಲ್ಲಿ 0.6. ಮೇಲಿನ ಗಟ್ಟಿ ಲೇಪನ ಗೀರನ್ನು ತಡೆಯುತ್ತದೆ, ಆದರೆ ಕೊಳೆ ಕೂತರೆ ಲೇಸರ್ ಬೇಗ ಎಡವುತ್ತದೆ. ಬೂಷ್ಟು ಮೊದಲು ಹಿಡಿಯುವುದು ಡಬ್ಬದೊಳಗಿನ ಕಾಗದಕ್ಕೆ. ಪುಸ್ತಿಕೆ, ಕವರಿನ ಹಾಳೆಗಳನ್ನು ಬೇರೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿಡಿ. ಡಿಸ್ಕ್‌ಗಳು ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಕ್ಕೆ. 10 ಲೀಟರಿನ ಡಬ್ಬಕ್ಕೆ 100 ಗ್ರಾಂ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ, ಹಸಿರಾದರೆ ನೀರು ಕುಡಿದಿದೆ ಎಂದರ್ಥ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡಬೇಡಿ, ಹೊಗೆಯ ಜಿಡ್ಡು ಬೂಷ್ಟಿಗಿಂತ ಕಷ್ಟ. ಆಗಲೇ ಬೂಷ್ಟು ಬಂದಿದ್ದರೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಿ. ದುಂಡಗೆ ತಿಕ್ಕಿದರೆ ಗೀರು ಓದುವ ದಾರಿಯುದ್ದಕ್ಕೂ ಬೀಳುತ್ತದೆ, ಪ್ಲೇಯರ್‌ಗೆ ಅದನ್ನು ಸರಿದೂಗಿಸಲಾಗದು. ಥಿನ್ನರ್, ಅಸಿಟೋನ್ ಹತ್ತಿರವೂ ತರಬೇಡಿ. ಪ್ಲೇಯರನ್ನು ವಾರಕ್ಕೆ ಒಮ್ಮೆಯಾದರೂ ಅರ್ಧ ಗಂಟೆ ಓಡಿಸಿ, ಆ ಬಿಸಿಗೆ ಲೆನ್ಸ್ ಒಣಗಿರುತ್ತದೆ. ಅದಕ್ಕೆ ಒಂದು ಕಂತು ಸರಿಯಾದ ಅಳತೆ.

ದಸರಾ ಕಳೆದು ಅಡಿಕೆ ಹರವುವ ಬಿಸಿಲು ಬಿದ್ದ ಮೇಲೆ ಡಬ್ಬ ತೆರೆದು ಡಿಸ್ಕ್ ಒಂದೊಂದನ್ನೂ ನೋಡಿ, ಹಸಿರಾದ ಜೆಲ್ಲನ್ನು ಓವನ್‌ನಲ್ಲಿ 110 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಮತ್ತೆ ಕಿತ್ತಳೆಗೆ ತಂದುಕೊಂಡರೆ ಮುಂದಿನ ಮೃಗಶಿರದವರೆಗೆ ಡಬ್ಬವನ್ನು ಮುಟ್ಟಬೇಕಿಲ್ಲ, ನೋಡಲು ತೆರೆಯುವುದು ಬಿಟ್ಟು.